ಲಿಥಿಯಂ ಬ್ಯಾಟರಿಗೆ ಬೆಂಕಿ ಯಾಕೆ ಹತ್ತುತ್ತೆ? ಸುರಕ್ಷಿತ ಎಲೆಕ್ಟ್ರೋಲೈಟ್ ಹುಡುಕಾಟ ಎಲ್ಲಿಗೆ ಬಂತು? ಥಾಣೆ, ನವಿ ಮುಂಬೈಗೂ ಇದೆ ನಂಟು

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈ. ಮುಂಬೈಗೆ ದಿನವೂ ಲೋಕಲ್ ರೈಲು ಹತ್ತಿ ಹೋಗಿ ಬರುವ ಲಕ್ಷಾಂತರ ಜನರ ಊರುಗಳಿವು. ಮನೆಯಿಂದ ಸ್ಟೇಷನ್‌ವರೆಗೆ ಹೋಗಲು, ಊಟ-ತಿಂಡಿ ಡೆಲಿವರಿ ಮಾಡಲು ಇಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಬಳಸುವವರು ಹೆಚ್ಚುತ್ತಿದ್ದಾರೆ. ಆದರೆ ಬಹುತೇಕ ಹಳೇ ಕಟ್ಟಡಗಳಲ್ಲಿ ಪಾರ್ಕಿಂಗ್ ಜಾಗದಲ್ಲಿ ಚಾರ್ಜಿಂಗ್ ಪಾಯಿಂಟ್ ಇಲ್ಲ. ಹಾಗಾಗಿ ಬ್ಯಾಟರಿ ಬಿಚ್ಚಿಕೊಂಡು ಮೆಟ್ಟಿಲು ಹತ್ತಿ, ಹಾಲ್‌ನಲ್ಲೋ ಬಾಗಿಲ ಪಕ್ಕದಲ್ಲೋ ರಾತ್ರಿಯಿಡೀ ಚಾರ್ಜ್‌ಗೆ ಇಡುವುದು ಮಾಮೂಲಾಗಿದೆ.

ಇದರ ಅಪಾಯ ಎಷ್ಟು ಎಂಬುದು ಇಲ್ಲಿನವರಿಗೆ ಗೊತ್ತಿಲ್ಲದ್ದೇನಲ್ಲ. 2022ರ ಸೆಪ್ಟೆಂಬರ್‌ನಲ್ಲಿ ನೆರೆಯ ವಸಾಯಿಯಲ್ಲಿ, ಮನೆಯೊಳಗೆ ಚಾರ್ಜ್‌ಗೆ ಇಟ್ಟಿದ್ದ ಸ್ಕೂಟರ್ ಬ್ಯಾಟರಿ ಬೆಳಗಿನ ಜಾವ ಸ್ಫೋಟಗೊಂಡು, ಅಲ್ಲೇ ಮಲಗಿದ್ದ ಏಳು ವರ್ಷದ ಬಾಲಕ ಸುಟ್ಟ ಗಾಯಗಳಿಂದ ಕೆಲವೇ ದಿನಗಳಲ್ಲಿ ಮೃತಪಟ್ಟಿದ್ದ. ಅದೇ ವರ್ಷ ದೇಶದ ಹಲವೆಡೆ ಇ-ಸ್ಕೂಟರ್‌ಗಳು ಹೊತ್ತಿ ಉರಿದ ಬಳಿಕ ಕೇಂದ್ರ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿತು.

ಹಾಗಾದರೆ ಬ್ಯಾಟರಿಯೊಳಗೆ ನಿಜವಾಗಿ ಉರಿಯುವುದು ಏನು? ಉರಿಯದ ಬ್ಯಾಟರಿ ಮಾಡಲು ಸಾಧ್ಯವಿಲ್ಲವೇ? ಈ ಎರಡು ಪ್ರಶ್ನೆಗಳ ಉತ್ತರ ಬಹುಮಟ್ಟಿಗೆ ಒಂದೇ ವಸ್ತುವಿನ ಸುತ್ತ ತಿರುಗುತ್ತದೆ. ಅದೇ ಎಲೆಕ್ಟ್ರೋಲೈಟ್.

ಎಲೆಕ್ಟ್ರೋಲೈಟ್ ಅಂದರೆ ಏನು?

ಲಿಥಿಯಂ ಬ್ಯಾಟರಿಯ ಪ್ರತಿ ಸೆಲ್‌ನಲ್ಲೂ ಎರಡು ತುದಿಗಳಿರುತ್ತವೆ. ಒಂದು ಆನೋಡ್, ಇನ್ನೊಂದು ಕ್ಯಾಥೋಡ್. ಆನೋಡ್ ಸಾಮಾನ್ಯವಾಗಿ ಗ್ರಾಫೈಟ್‌ನದು. ಕ್ಯಾಥೋಡ್‌ನಲ್ಲಿ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಆಕ್ಸೈಡ್ ಅಥವಾ ಕಬ್ಬಿಣದ ಫಾಸ್ಫೇಟ್ ಇರುತ್ತದೆ. ಇವೆರಡೂ ಒಂದಕ್ಕೊಂದು ತಾಗದಂತೆ ನಡುವೆ ತೆಳುವಾದ, ಸೂಕ್ಷ್ಮ ರಂಧ್ರಗಳಿರುವ ಪ್ಲಾಸ್ಟಿಕ್ ಪರದೆ ಇರುತ್ತದೆ. ಈ ಇಡೀ ಜಾಗದಲ್ಲಿ ತುಂಬಿಕೊಂಡಿರುವ ದ್ರವವೇ ಎಲೆಕ್ಟ್ರೋಲೈಟ್.

ಲೋಕಲ್ ರೈಲನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಆನೋಡ್ ಕಲ್ಯಾಣ್ ಸ್ಟೇಷನ್, ಕ್ಯಾಥೋಡ್ ಥಾಣೆ ಸ್ಟೇಷನ್ ಎಂದುಕೊಂಡರೆ, ಲಿಥಿಯಂ ಅಯಾನುಗಳು ಪ್ರಯಾಣಿಕರು, ಎಲೆಕ್ಟ್ರೋಲೈಟ್ ನಡುವಿನ ರೈಲು ಮಾರ್ಗ. ಚಾರ್ಜ್ ಆಗುವಾಗ ಅಯಾನುಗಳು ಒಂದು ದಿಕ್ಕಿಗೆ, ಸ್ಕೂಟರ್ ಓಡುವಾಗ ವಾಪಸ್ ದಿಕ್ಕಿಗೆ ಹೋಗುತ್ತವೆ. ಎಲೆಕ್ಟ್ರಾನುಗಳಿಗೆ ಮಾತ್ರ ಈ ಮಾರ್ಗದಲ್ಲಿ ಪ್ರವೇಶವಿಲ್ಲ. ಅವು ಹೊರಗಿನ ತಂತಿಯ ಮೂಲಕ ಸುತ್ತಿಕೊಂಡು ಬರಬೇಕು. ಹಾಗೆ ಬರುವಾಗಲೇ ಮೋಟಾರ್ ತಿರುಗುತ್ತದೆ, ಫೋನ್ ಕೆಲಸ ಮಾಡುತ್ತದೆ.

ಅಂದರೆ ಒಳ್ಳೆಯ ಎಲೆಕ್ಟ್ರೋಲೈಟ್ ಅಯಾನುಗಳನ್ನು ಸಲೀಸಾಗಿ ಬಿಡಬೇಕು, ಎಲೆಕ್ಟ್ರಾನುಗಳನ್ನು ತಡೆಯಬೇಕು. ಜತೆಗೆ ನಾಲ್ಕು ವೋಲ್ಟ್‌ನಷ್ಟು ಒತ್ತಡದಲ್ಲೂ ವಿಭಜನೆಯಾಗದೆ ಉಳಿಯಬೇಕು.

ನೀರು ಯಾಕೆ ಬಳಸುವುದಿಲ್ಲ?

ಇನ್ವರ್ಟರ್‌ನ ಲೆಡ್-ಆಸಿಡ್ ಬ್ಯಾಟರಿಯಲ್ಲಿರುವುದು ನೀರು ಬೆರೆಸಿದ ಆಸಿಡ್. ಅದು ಹೊತ್ತಿಕೊಳ್ಳುವುದಿಲ್ಲ. ಆದರೆ ಸುಮಾರು 1.23 ವೋಲ್ಟ್ ದಾಟಿದರೆ ನೀರು ಹೈಡ್ರೋಜನ್, ಆಮ್ಲಜನಕವಾಗಿ ಒಡೆಯಲು ಶುರುವಾಗುತ್ತದೆ. ಲೆಡ್-ಆಸಿಡ್ ಬ್ಯಾಟರಿ ಎರಡು ವೋಲ್ಟ್‌ವರೆಗೆ ಹೇಗೋ ನಿಭಾಯಿಸುತ್ತದೆ. ಲಿಥಿಯಂ ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್‌ವರೆಗೂ ಹೋಗುತ್ತದೆ. ಅಲ್ಲಿ ಮಾಮೂಲಿ ನೀರು ನಿಲ್ಲುವುದಿಲ್ಲ.

ಅದಕ್ಕಾಗಿಯೇ 1991ರಲ್ಲಿ ಸೋನಿ ಕಂಪನಿ ಮೊದಲ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಾಗಿನಿಂದ ಇಂದಿನವರೆಗೂ ಕಾರ್ಬೊನೇಟ್ ಎಂಬ ಸಾವಯವ ದ್ರಾವಕಗಳೇ ಬಳಕೆಯಲ್ಲಿವೆ. ಎಥಿಲೀನ್ ಕಾರ್ಬೊನೇಟ್, ಡೈಮೀಥೈಲ್ ಕಾರ್ಬೊನೇಟ್‌ನಂಥ ದ್ರಾವಕಗಳಲ್ಲಿ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಎಂಬ ಲವಣವನ್ನು ಕರಗಿಸಲಾಗುತ್ತದೆ. ಇದು ಈ ಹೊತ್ತಿನ ಮಾಮೂಲಿ ಎಲೆಕ್ಟ್ರೋಲೈಟ್.

ಸಮಸ್ಯೆ ಇರುವುದು ಇಲ್ಲೇ. ಡೈಮೀಥೈಲ್ ಕಾರ್ಬೊನೇಟ್‌ನ ಆವಿಗೆ ಸುಮಾರು 17 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಾಗಿದರೆ ಬೆಂಕಿ ಹತ್ತುತ್ತದೆ. ಥಾಣೆಯ ಮಾಮೂಲು ದಿನದ ಉಷ್ಣಾಂಶವೇ ಇದಕ್ಕಿಂತ ಎಷ್ಟೋ ಹೆಚ್ಚು. ಸೆಲ್ ಭದ್ರವಾಗಿ ಮುಚ್ಚಿರುವುದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಒಳಗೆ ಬಿಸಿ ಏರಿ ಆವಿ ಹೊರಚಿಮ್ಮಿದರೆ ಅದು ಉರಿಯುವ ಇಂಧನವೇ.

ಬೆಂಕಿ ಹತ್ತುವುದು ಹೇಗೆ?

ಬ್ಯಾಟರಿ ಒಮ್ಮೆಲೇ ಉರಿಯುವುದಿಲ್ಲ. ಒಂದರ ಹಿಂದೊಂದು ಹಂತಗಳಿವೆ.

ಮೊದಲು ಏನೋ ಒಂದು ಕಾರಣಕ್ಕೆ ಸೆಲ್ ಬಿಸಿಯಾಗುತ್ತದೆ. ಅಳತೆ ಮೀರಿದ ಚಾರ್ಜ್, ಕಳಪೆ ಚಾರ್ಜರ್, ಬಿದ್ದು ಪೆಟ್ಟಾಗಿರುವುದು, ತಯಾರಿಕೆಯಲ್ಲಿ ಒಳಸೇರಿದ ಲೋಹದ ಕಣ, ಹೀಗೆ ಕಾರಣ ಯಾವುದೂ ಆಗಬಹುದು.

ಉಷ್ಣಾಂಶ 80ರಿಂದ 120 ಡಿಗ್ರಿ ತಲುಪಿದಾಗ ಆನೋಡ್ ಮೇಲಿರುವ ತೆಳುವಾದ ರಕ್ಷಣಾ ಪದರ ಕರಗತೊಡಗುತ್ತದೆ. ಆಗ ಎಲೆಕ್ಟ್ರೋಲೈಟ್ ನೇರವಾಗಿ ಆನೋಡ್ ಜತೆ ಪ್ರತಿಕ್ರಿಯಿಸಿ ಬಿಸಿ ಇನ್ನಷ್ಟು ಹೆಚ್ಚುತ್ತದೆ.

ಸುಮಾರು 130 ಡಿಗ್ರಿಗೆ ಪಾಲಿಎಥಿಲೀನ್ ಪರದೆ ಕರಗುತ್ತದೆ. ಪರದೆ ಕುಗ್ಗಿದರೆ ಎರಡು ತುದಿಗಳು ತಾಗಿ ಒಳಗೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

200 ಡಿಗ್ರಿ ಆಸುಪಾಸಿನಲ್ಲಿ ನಿಕ್ಕಲ್-ಕೋಬಾಲ್ಟ್ ಮಾದರಿಯ ಕ್ಯಾಥೋಡ್‌ನಿಂದ ಆಮ್ಲಜನಕ ಬಿಡುಗಡೆಯಾಗುತ್ತದೆ. ಇಂಧನವೂ ಇದೆ, ಬಿಸಿಯೂ ಇದೆ, ಈಗ ಆಮ್ಲಜನಕವೂ ಒಳಗಿನಿಂದಲೇ ಸಿಕ್ಕಿತು. ಇಲ್ಲಿಂದ ಮುಂದೆ ಬೆಂಕಿ ಕೈಮೀರುತ್ತದೆ. ಇದನ್ನೇ ತಜ್ಞರು ಥರ್ಮಲ್ ರನ್‌ಅವೇ ಎನ್ನುತ್ತಾರೆ. ಒಂದು ಸೆಲ್ ಉರಿದರೆ ಪಕ್ಕದ್ದಕ್ಕೂ ಬಿಸಿ ದಾಟುತ್ತದೆ. ಸ್ಕೂಟರ್ ಪ್ಯಾಕ್‌ನಲ್ಲಿ ಇಂಥ ಹತ್ತಾರು, ಕೆಲವದರಲ್ಲಿ ನೂರಾರು ಸೆಲ್‌ಗಳಿರುತ್ತವೆ.

ಬೆಂಕಿಗಿಂತ ಮೊದಲೇ ಇನ್ನೊಂದು ಅಪಾಯವೂ ಇದೆ. ಹೆಕ್ಸಾಫ್ಲೋರೋಫಾಸ್ಫೇಟ್ ಲವಣಕ್ಕೆ ತೇವಾಂಶ ತಾಗಿದರೆ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಉಬ್ಬಿದ ಅಥವಾ ಸೋರುವ ಬ್ಯಾಟರಿಯ ಹತ್ತಿರ ಮೂಗು ತರಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ ಎಂದು ಹೇಳುವುದು ಇದಕ್ಕೇ.

ಉರಿಯದ ಎಲೆಕ್ಟ್ರೋಲೈಟ್: ಯಾವ್ಯಾವ ದಾರಿಗಳಿವೆ?

ವಿಜ್ಞಾನಿಗಳು ಹಲವು ದಿಕ್ಕಿನಲ್ಲಿ ಪ್ರಯತ್ನಿಸುತ್ತಿದ್ದಾರೆ. ಪ್ರತಿಯೊಂದರಲ್ಲೂ ಲಾಭದ ಜತೆ ಒಂದು ತೊಡಕೂ ಇದೆ.

1. ಬೆಂಕಿ ತಡೆಯುವ ಮಿಶ್ರಣ: ಈಗಿನ ದ್ರವಕ್ಕೇ ಫಾಸ್ಫೇಟ್ ಅಥವಾ ಫ್ಲೋರಿನ್ ಇರುವ ರಾಸಾಯನಿಕಗಳನ್ನು ಬೆರೆಸುವುದು. ಕಾರ್ಖಾನೆಯ ಯಂತ್ರಗಳನ್ನು ಬದಲಿಸಬೇಕಿಲ್ಲ ಎಂಬುದು ಇದರ ಅನುಕೂಲ. ಆದರೆ ಬೆಂಕಿ ತಡೆಯುವಷ್ಟು ಬೆರೆಸಿದರೆ ದ್ರವ ಮಂದವಾಗುತ್ತದೆ, ಆನೋಡ್‌ನ ರಕ್ಷಣಾ ಪದರ ಹಾಳಾಗಿ ಬ್ಯಾಟರಿ ಬಾಳಿಕೆ ಕುಗ್ಗುತ್ತದೆ.

2. ಬೇರೆ ಲವಣ: ಲಿಥಿಯಂ ಎಫ್‌ಎಸ್‌ಐ ಎಂಬ ಲವಣ ಬಿಸಿಯನ್ನೂ ತೇವಾಂಶವನ್ನೂ ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ಇದನ್ನೊಂದೇ ಬಳಸಿದರೆ ಹೆಚ್ಚಿನ ವೋಲ್ಟೇಜ್‌ನಲ್ಲಿ ಸೆಲ್‌ನೊಳಗಿನ ಅಲ್ಯೂಮಿನಿಯಂ ಹಾಳೆಯನ್ನು ತಿಂದುಹಾಕುತ್ತದೆ. ಹಾಗಾಗಿ ಹಳೇ ಲವಣದ ಜತೆ ಬೆರೆಸಿ ಬಳಸುವುದೇ ಹೆಚ್ಚು.

3. ಅಯಾನಿಕ್ ದ್ರವ: ಇದು ಕೋಣೆಯ ಉಷ್ಣಾಂಶದಲ್ಲೂ ದ್ರವವಾಗಿಯೇ ಇರುವ ಲವಣ. ಆವಿಯಾಗುವುದು ಇಲ್ಲವೆನ್ನುವಷ್ಟು ಕಡಿಮೆ, ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಬಲು ದುಬಾರಿ. ಜೇನಿನ ಹಾಗೆ ಮಂದವಾಗಿರುವುದರಿಂದ ಅಯಾನುಗಳ ಓಡಾಟವೂ ನಿಧಾನ.

4. ನೀರಿಗೇ ಉಪ್ಪು ತುಂಬುವುದು: 2015ರಲ್ಲಿ ಅಮೆರಿಕದ ಸಂಶೋಧಕರು ನೀರಿಗಿಂತ ಲವಣವೇ ತೂಕದಲ್ಲಿ ಹೆಚ್ಚಿರುವ ಎಲೆಕ್ಟ್ರೋಲೈಟ್ ಒಂದನ್ನು ತೋರಿಸಿದರು. ಇದರಲ್ಲಿ ನೀರು ಸುಮಾರು ಮೂರು ವೋಲ್ಟ್‌ವರೆಗೆ ತಾಳಿಕೊಂಡಿತು. ಉರಿಯುವ ಪ್ರಶ್ನೆಯೇ ಇಲ್ಲ. ಆದರೆ ಅಷ್ಟೊಂದು ಲವಣಕ್ಕೆ ತಗಲುವ ಖರ್ಚು ದೊಡ್ಡದು, ಶಕ್ತಿಯೂ ಸ್ಕೂಟರ್-ಕಾರಿಗೆ ಬೇಕಾದಷ್ಟು ಸಿಗುವುದಿಲ್ಲ.

5. ಪಾಲಿಮರ್: ಪ್ಲಾಸ್ಟಿಕ್‌ನಂಥ ವಸ್ತುವಿನಲ್ಲೇ ಲವಣ ಸೇರಿಸಿ ದ್ರವವನ್ನು ಕೈಬಿಡುವುದು. ಸೋರುವ ಭಯವಿಲ್ಲ. ಆದರೆ ಇದು ಸರಿಯಾಗಿ ಕೆಲಸ ಮಾಡಲು 60ರಿಂದ 80 ಡಿಗ್ರಿ ಬಿಸಿ ಇರಬೇಕು.

6. ಸೆರಾಮಿಕ್ ಆಕ್ಸೈಡ್: ಪಿಂಗಾಣಿಯಂಥ ಗಟ್ಟಿ ವಸ್ತು. ಉರಿಯುವುದೇ ಇಲ್ಲ. ಆದರೆ ಪಿಂಗಾಣಿಯ ಹಾಗೆಯೇ ಬಿರುಕು ಬಿಡುತ್ತದೆ. ಎಲೆಕ್ಟ್ರೋಡ್‌ಗೆ ಪೂರ್ತಿ ಅಂಟಿಕೊಂಡು ಕೂರುವುದೂ ಕಷ್ಟ.

7. ಸಲ್ಫೈಡ್: ಅಯಾನುಗಳನ್ನು ಸಾಗಿಸುವುದರಲ್ಲಿ ಇದು ದ್ರವಕ್ಕೆ ಸರಿಸಮ. 2011ರಲ್ಲಿ ಜಪಾನಿನ ರ್ಯೋಜಿ ಕನ್ನೊ ಅವರ ತಂಡ ಇಂಥ ವಸ್ತುವೊಂದನ್ನು ಪ್ರಕಟಿಸಿದ ಮೇಲೆ ಘನ ಬ್ಯಾಟರಿಗಳ ಮೇಲಿನ ನಿರೀಕ್ಷೆ ಗರಿಗೆದರಿತು. ಟೊಯೋಟಾ ಮತ್ತು ಇಡೆಮಿತ್ಸು ಕಂಪನಿಗಳು 2027-28ರ ಹೊತ್ತಿಗೆ ಸಲ್ಫೈಡ್ ಆಧಾರಿತ ಘನ ಬ್ಯಾಟರಿ ತರುವ ಗುರಿಯನ್ನು 2023ರಲ್ಲಿ ಪ್ರಕಟಿಸಿದವು. ತೊಡಕು ಏನೆಂದರೆ, ಸಲ್ಫೈಡ್‌ಗೆ ತೇವಾಂಶ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲವೂ ವಿಷವೇ. ಕೊಂಕಣದ ಮಳೆಗಾಲದಂಥ ಹವೆಯಲ್ಲಿ ಇದನ್ನು ತಯಾರಿಸಲು ಗಾಳಿಯ ತೇವವನ್ನು ಪೂರ್ತಿ ತೆಗೆದ ಕೋಣೆಗಳೇ ಬೇಕು.

ಘನ ಬ್ಯಾಟರಿ ಅಂದರೆ ಬೆಂಕಿಯೇ ಇಲ್ಲವೇ?

ಸಾಲಿಡ್ ಸ್ಟೇಟ್ ಬ್ಯಾಟರಿ ಬಂದರೆ ಬೆಂಕಿಯ ಭಯ ಮುಗಿದಂತೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಪೂರ್ತಿ ನಿಜವಲ್ಲ. 2022ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಒಂದೇ ತಿಂಗಳಲ್ಲಿ ಎರಡು ಎಲೆಕ್ಟ್ರಿಕ್ ಬಸ್‌ಗಳು ಹೊತ್ತಿ ಉರಿದವು. ಅಲ್ಲಿನ ಸಾರಿಗೆ ಸಂಸ್ಥೆ ಅದೇ ಮಾದರಿಯ 149 ಬಸ್‌ಗಳನ್ನು ರಸ್ತೆಯಿಂದ ತಾತ್ಕಾಲಿಕವಾಗಿ ಹಿಂದಕ್ಕೆ ಕರೆಸಿಕೊಂಡಿತು. ಆ ಬಸ್‌ಗಳಲ್ಲಿ ಇದ್ದದ್ದು ದ್ರವ ಎಲೆಕ್ಟ್ರೋಲೈಟ್ ಅಲ್ಲ, ಲಿಥಿಯಂ ಲೋಹ ಮತ್ತು ಪಾಲಿಮರ್ ಇರುವ ಘನ ಬ್ಯಾಟರಿ.

ಕಾರಣ ಸರಳ. ಎಲೆಕ್ಟ್ರೋಲೈಟ್ ಒಂದೇ ಇಂಧನವಲ್ಲ. ಲಿಥಿಯಂ ಲೋಹವೂ ಉರಿಯುತ್ತದೆ. ಜತೆಗೆ ಚಾರ್ಜ್ ಮಾಡುವಾಗ ಲಿಥಿಯಂ ಕೆಲವೊಮ್ಮೆ ಸಮನಾಗಿ ಕೂರದೆ, ಬೇರಿನಂತೆ ಕವಲೊಡೆದು ಬೆಳೆಯುತ್ತದೆ. ಇದಕ್ಕೆ ಡೆಂಡ್ರೈಟ್ ಎನ್ನುತ್ತಾರೆ. ಗಟ್ಟಿ ಸೆರಾಮಿಕ್‌ನ ಸಣ್ಣ ಬಿರುಕಿನಲ್ಲೂ ಅದು ತೂರಿಕೊಂಡು ಆಚೆ ಬದಿ ತಲುಪಿದರೆ ಶಾರ್ಟ್ ಸರ್ಕ್ಯೂಟ್ ಖಚಿತ.

ಬೆಂಗಳೂರಿನಲ್ಲಿ ಏನು ನಡೆದಿದೆ?

ಈ ಹುಡುಕಾಟದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲು ದೊಡ್ಡದು. ಸೆರಾಮಿಕ್ ಎಲೆಕ್ಟ್ರೋಲೈಟ್‌ಗಳ ಪೈಕಿ ಜಗತ್ತಿನಾದ್ಯಂತ ಹೆಚ್ಚು ಅಧ್ಯಯನವಾಗಿರುವ ಎಲ್‌ಎಲ್‌ಝಡ್‌ಒ ಎಂಬ ಗಾರ್ನೆಟ್ ವಸ್ತುವನ್ನು 2007ರಲ್ಲಿ ಜರ್ಮನಿಯ ಕೀಲ್ ವಿಶ್ವವಿದ್ಯಾಲಯದಿಂದ ಪ್ರಕಟಿಸಿದವರು ರಾಮಸ್ವಾಮಿ ಮುರುಗನ್, ವೆಂಕಟರಾಮನ್ ತಂಗದುರೈ ಮತ್ತು ವರ್ನರ್ ವೆಪ್ನರ್. ಇವರಲ್ಲಿ ತಂಗದುರೈ ಪಿಎಚ್‌ಡಿ ಮಾಡಿದ್ದು ಬೆಂಗಳೂರಿನ ಇದೇ ಸಂಸ್ಥೆಯಲ್ಲಿ.

ಇದೇ ಸಂಸ್ಥೆಯ ಪ್ರಾಧ್ಯಾಪಕ ಅನಿಂದ ಭಟ್ಟಾಚಾರ್ಯ ಅವರ ಹೆಸರು ಇನ್ನೊಂದು ಬಗೆಯ ವಸ್ತುವಿನೊಂದಿಗೆ ತಳಕು ಹಾಕಿಕೊಂಡಿದೆ. ದ್ರವಕ್ಕೆ ಸಿಲಿಕಾದಂಥ ಅತಿ ನುಣುಪಾದ ಆಕ್ಸೈಡ್ ಪುಡಿಯನ್ನು ಬೆರೆಸಿದರೆ ಅದು ಒದ್ದೆ ಮರಳಿನಂತಾಗುತ್ತದೆ, ಹರಿಯುವುದಿಲ್ಲ. ವಿಶೇಷವೆಂದರೆ ಅಯಾನುಗಳ ಓಡಾಟ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಪುಡಿಯ ಕಣಗಳ ಮೇಲ್ಮೈಯಲ್ಲಿ ಲವಣದ ಋಣ ಅಯಾನುಗಳು ಅಂಟಿಕೊಂಡು, ಲಿಥಿಯಂ ಅಯಾನುಗಳು ಬಿಡುವಾಗುವುದೇ ಇದಕ್ಕೆ ಕಾರಣ. ಭಟ್ಟಾಚಾರ್ಯ ಮತ್ತು ಜರ್ಮನಿಯ ಯೋಆಖಿಮ್ ಮೈಯರ್ 2004ರಲ್ಲಿ ಇದನ್ನು ಪ್ರಕಟಿಸಿದಾಗ ಇಟ್ಟ ಹೆಸರೂ ಒದ್ದೆ ಮರಳಿನ ಅರ್ಥ ಕೊಡುವಂಥದ್ದೇ.

ಡೆಂಡ್ರೈಟ್ ಸಮಸ್ಯೆಯ ಮೇಲೂ ಇಲ್ಲಿ ಕೆಲಸ ನಡೆದಿದೆ. ನಾಗ ಫಣಿ ಏತುಕೂರಿ ಅವರ ತಂಡ 2022ರಲ್ಲಿ, ಲಿಥಿಯಂ ಮತ್ತು ಘನ ಎಲೆಕ್ಟ್ರೋಲೈಟ್ ಸೇರುವ ಜಾಗದಲ್ಲಿ ಮೊದಲು ಸಣ್ಣ ಸಣ್ಣ ಖಾಲಿ ಜಾಗಗಳು ಉಂಟಾಗುತ್ತವೆ, ಅದರ ಅಂಚಿನಿಂದಲೇ ಡೆಂಡ್ರೈಟ್ ಬೆಳೆಯುತ್ತದೆ ಎಂದು ತೋರಿಸಿತು. ನಡುವೆ ಟಂಗ್‌ಸ್ಟನ್‌ನಂಥ ಲೋಹದ ಅತಿ ತೆಳುವಾದ ಪದರ ಇಟ್ಟರೆ ಈ ಬೆಳವಣಿಗೆ ತಡವಾಗುತ್ತದೆ ಎಂಬುದೂ ಗೊತ್ತಾಯಿತು.

ಥಾಣೆ, ನವಿ ಮುಂಬೈಗೆ ಏನು ನಂಟು?

ಪ್ರಯೋಗಾಲಯದ ಮಾತು ಹೀಗಾದರೆ, ಕಾರ್ಖಾನೆಯ ಕಥೆ ಬೇರೆ. ಭಾರತದಲ್ಲಿ ಬ್ಯಾಟರಿ ಸೆಲ್ ತಯಾರಿಕೆಗೆ ಕೇಂದ್ರ ಸಂಪುಟ 2021ರ ಮೇನಲ್ಲಿ 18,100 ಕೋಟಿ ರೂ. ಪ್ರೋತ್ಸಾಹಧನ ಯೋಜನೆಗೆ ಒಪ್ಪಿಗೆ ನೀಡಿತು. ಸೆಲ್ ಇಲ್ಲೇ ತಯಾರಾಗಬೇಕಾದರೆ ಎಲೆಕ್ಟ್ರೋಲೈಟ್ ಕೂಡ ಇಲ್ಲೇ ಸಿಗಬೇಕು. ದೂರದ ದೇಶದಿಂದ ಹಡಗಿನಲ್ಲಿ ತರುವಾಗ ತೇವಾಂಶ, ಬಿಸಿ ತಾಗದಂತೆ ಕಾಪಾಡುವುದು ಕಷ್ಟ.

ಈ ಕ್ಷೇತ್ರಕ್ಕೆ ಇಳಿದಿರುವ ಕಂಪನಿಗಳಲ್ಲಿ ಒಂದು ಥಾಣೆಯದು. ನಿಯೋಜೆನ್ ಕೆಮಿಕಲ್ಸ್‌ನ ಪ್ರಧಾನ ಕಚೇರಿ ಥಾಣೆಯ ಕ್ಯಾಡ್‌ಬರಿ ಜಂಕ್ಷನ್ ಬಳಿ ಇದೆ. ನವಿ ಮುಂಬೈನ ಮಹಾಪೆ ಕೈಗಾರಿಕಾ ಪ್ರದೇಶದಲ್ಲಿ 1990ರ ದಶಕದ ಆರಂಭದಲ್ಲಿ ಬ್ರೋಮಿನ್ ಮತ್ತು ಲಿಥಿಯಂ ರಾಸಾಯನಿಕಗಳೊಂದಿಗೆ ಇದರ ಉತ್ಪಾದನೆ ಶುರುವಾಯಿತು. ಆಗ ಲಿಥಿಯಂ ಎಂದರೆ ಬ್ಯಾಟರಿ ಎಂಬ ಅರ್ಥ ಇರಲಿಲ್ಲ. ದೊಡ್ಡ ಕಟ್ಟಡಗಳನ್ನು ತಂಪು ಮಾಡುವ ಯಂತ್ರಗಳಿಗೆ ಬೇಕಾದ ಲಿಥಿಯಂ ಬ್ರೋಮೈಡ್, ಔಷಧ ತಯಾರಿಕೆಗೆ ಬೇಕಾದ ಲವಣಗಳು ಇದರ ಸರಕಾಗಿದ್ದವು. 2023ರಲ್ಲಿ ಕಂಪನಿ ಜಪಾನಿನ ಎಂಯು ಅಯಾನಿಕ್ ಸೊಲ್ಯೂಷನ್ಸ್‌ನಿಂದ ಎಲೆಕ್ಟ್ರೋಲೈಟ್ ತಯಾರಿಕೆಯ ತಂತ್ರಜ್ಞಾನದ ಪರವಾನಗಿ ಪಡೆಯಿತು. ಬ್ಯಾಟರಿ ರಾಸಾಯನಿಕಗಳ ದೊಡ್ಡ ಘಟಕಕ್ಕೆ ಅದು ಆರಿಸಿಕೊಂಡದ್ದು ಗುಜರಾತಿನ ದಹೇಜ್ ಪ್ರದೇಶವನ್ನು. ಇಲ್ಲಿ ತಯಾರಾಗುವುದೂ ಸದ್ಯಕ್ಕೆ ದ್ರವ ಎಲೆಕ್ಟ್ರೋಲೈಟ್ ಮತ್ತು ಅದರ ಲವಣಗಳೇ.

ನವಿ ಮುಂಬೈನ ಘನ್‌ಸೋಲಿಯಲ್ಲಿ ಬೃಹತ್ ಕ್ಯಾಂಪಸ್ ಹೊಂದಿರುವ ರಿಲಯನ್ಸ್ ಸಮೂಹ ಇನ್ನೊಂದು ದಾರಿ ಹಿಡಿದಿದೆ. 2022ರಲ್ಲಿ ಬ್ರಿಟನ್‌ನ ಫ್ಯಾರಡಿಯನ್ ಎಂಬ ಸೋಡಿಯಂ-ಅಯಾನ್ ಬ್ಯಾಟರಿ ಕಂಪನಿಯನ್ನೂ, ಕಬ್ಬಿಣದ ಫಾಸ್ಫೇಟ್ ಬ್ಯಾಟರಿಗಳ ಲಿಥಿಯಂ ವರ್ಕ್ಸ್ ಕಂಪನಿಯ ಆಸ್ತಿಗಳನ್ನೂ ಅದು ಖರೀದಿಸಿತು. ಸೋಡಿಯಂ ಬ್ಯಾಟರಿಯನ್ನು ಪೂರ್ತಿ ಶೂನ್ಯ ವೋಲ್ಟ್‌ಗೆ ಇಳಿಸಿ ಸಾಗಿಸಬಹುದು, ಹಾಗಾಗಿ ಸಾಗಣೆಯಲ್ಲಿ ಅಪಾಯ ಕಡಿಮೆ. ಆದರೆ ಅದರಲ್ಲೂ ಸಾಮಾನ್ಯವಾಗಿ ಬಳಸುವುದು ಉರಿಯುವ ಕಾರ್ಬೊನೇಟ್ ದ್ರಾವಕವನ್ನೇ.

ಸುರಕ್ಷತೆಯ ಪ್ರಶ್ನೆ ಮನೆಯ ಚಾರ್ಜರ್ ಬಳಿ ಮಾತ್ರ ಹುಟ್ಟುವುದಿಲ್ಲ ಎಂಬುದನ್ನೂ ಈ ಭಾಗದವರು ಬಲ್ಲರು. 2024ರ ಮೇ 23ರಂದು ಡೊಂಬಿವಲಿ ಎಂಐಡಿಸಿಯ ರಾಸಾಯನಿಕ ಕಾರ್ಖಾನೆಯಲ್ಲಿ ಸಂಭವಿಸಿದ ಸ್ಫೋಟದಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸಾವನ್ನಪ್ಪಿದರು, ಸುತ್ತಲಿನ ಮನೆಗಳ ಗಾಜುಗಳು ಪುಡಿಯಾದವು. ಅದಕ್ಕೂ ಬ್ಯಾಟರಿಗೂ ಸಂಬಂಧವಿಲ್ಲ. ಆದರೆ ಟನ್‌ಗಟ್ಟಲೆ ಉರಿಯುವ ದ್ರಾವಕ, ನೀರು ತಾಗಿದರೆ ವಿಷ ಕಾರುವ ಲವಣ ಇರುವ ಘಟಕಗಳು ಎಲ್ಲಿ ಇರಬೇಕು, ವಸತಿ ಪ್ರದೇಶದಿಂದ ಎಷ್ಟು ದೂರ ಇರಬೇಕು ಎಂಬ ಪ್ರಶ್ನೆ ಬ್ಯಾಟರಿ ಉದ್ಯಮಕ್ಕೂ ಅಷ್ಟೇ ಅನ್ವಯಿಸುತ್ತದೆ.

ನಿಯಮ ಏನು ಹೇಳುತ್ತೆ?

ದ್ವಿಚಕ್ರ ವಾಹನಗಳ ಬ್ಯಾಟರಿಗೆ ಅನ್ವಯಿಸುವ ಮಾನದಂಡ ಎಐಎಸ್-156. 2022ರ ಬೆಂಕಿ ಪ್ರಕರಣಗಳ ನಂತರ ಇದಕ್ಕೆ ತಿದ್ದುಪಡಿ ತಂದು, 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿ ಮಾಡಲಾಯಿತು. ಸೆಲ್‌ಗಳ ಗುಣಮಟ್ಟ, ಬ್ಯಾಟರಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಚಾರ್ಜರ್, ಪ್ಯಾಕ್ ವಿನ್ಯಾಸ, ಒಂದು ಸೆಲ್‌ನ ಬೆಂಕಿ ಇನ್ನೊಂದಕ್ಕೆ ಹರಡುವ ಪರೀಕ್ಷೆ ಇವೆಲ್ಲ ಇದರಲ್ಲಿ ಸೇರಿವೆ. ಅಂದರೆ ನಿಯಮವೂ ಒಳಗಿನ ದ್ರವ ಉರಿಯುತ್ತದೆ ಎಂದು ಒಪ್ಪಿಕೊಂಡೇ, ಅದು ಉರಿಯುವ ಹಂತ ತಲುಪದಂತೆ, ತಲುಪಿದರೂ ಹರಡದಂತೆ ತಡೆಯುವುದಕ್ಕೆ ಒತ್ತು ಕೊಟ್ಟಿದೆ.

ಮನೆಯಲ್ಲಿ ಏನು ಮಾಡಬೇಕು?

ಸುರಕ್ಷಿತ ಎಲೆಕ್ಟ್ರೋಲೈಟ್ ಇರುವ ಬ್ಯಾಟರಿ ಮಾಮೂಲಿ ಸ್ಕೂಟರ್‌ಗೆ ಬರುವವರೆಗೆ ಈ ಎಚ್ಚರಿಕೆಗಳು ಅಗತ್ಯ.

* ಹೊಸ ವಾಹನ ಕೊಳ್ಳುವಾಗ ಬ್ಯಾಟರಿ ಯಾವ ಮಾದರಿಯದು ಎಂದು ಕೇಳಿ. ಎಲ್‌ಎಫ್‌ಪಿ, ಅಂದರೆ ಕಬ್ಬಿಣದ ಫಾಸ್ಫೇಟ್ ಮಾದರಿಯ ಕ್ಯಾಥೋಡ್ ಸುಲಭವಾಗಿ ಆಮ್ಲಜನಕ ಬಿಡುವುದಿಲ್ಲ, ಹೆಚ್ಚು ಬಿಸಿ ತಾಳುತ್ತದೆ. ಆದರೆ ಅದರಲ್ಲಿರುವ ದ್ರವವೂ ಉರಿಯುವಂಥದ್ದೇ.

* ಮಲಗುವ ಕೋಣೆಯಲ್ಲಿ, ಮನೆಯಿಂದ ಹೊರಹೋಗುವ ಬಾಗಿಲ ಬಳಿ, ಮೆಟ್ಟಿಲು ಅಥವಾ ಪ್ಯಾಸೇಜ್‌ನಲ್ಲಿ ಚಾರ್ಜ್ ಮಾಡಬೇಡಿ. ಬೆಂಕಿ ಹತ್ತಿದರೆ ತಪ್ಪಿಸಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ.

* ವಾಹನದ ಜತೆ ಬಂದ ಚಾರ್ಜರ್ ಮಾತ್ರ ಬಳಸಿ. ಎಲ್ಲರೂ ಮಲಗಿರುವಾಗ ಚಾರ್ಜ್‌ಗೆ ಇಡಬೇಡಿ. ಓಡಿಸಿ ಬಂದ ತಕ್ಷಣ ಬಿಸಿ ಬ್ಯಾಟರಿಯನ್ನು ಪ್ಲಗ್‌ಗೆ ಹಾಕದೆ ತಣಿಯಲು ಬಿಡಿ. ಮೇಲೆ ಬಟ್ಟೆ, ದಿಂಬು ಮುಚ್ಚಬೇಡಿ.

* ಹೋಟೆಲ್ ನಡೆಸುವವರು ಡೆಲಿವರಿ ಹುಡುಗರ ಬ್ಯಾಟರಿಗಳನ್ನು ಗ್ಯಾಸ್ ಸಿಲಿಂಡರ್ ಇರುವ ಕಡೆ ಚಾರ್ಜ್ ಮಾಡಲು ಬಿಡಬಾರದು.

* ಮಳೆಗಾಲದಲ್ಲಿ ಪಾರ್ಕಿಂಗ್‌ಗೆ ನೀರು ನುಗ್ಗಿ ಬ್ಯಾಟರಿ ಮುಳುಗಿದ್ದರೆ, ಒಣಗಿದೆ ಎಂದು ಮತ್ತೆ ಚಾರ್ಜ್ ಮಾಡಬೇಡಿ. ಸರ್ವಿಸ್ ಸೆಂಟರ್‌ನಲ್ಲಿ ತೋರಿಸುವವರೆಗೆ ಮನೆಯೊಳಗೆ ತರಬೇಡಿ.

* ಬ್ಯಾಟರಿ ಉಬ್ಬಿದರೆ, ವಿಚಿತ್ರ ವಾಸನೆ ಬಂದರೆ, ಹಿಸ್ ಎಂಬ ಸದ್ದು ಅಥವಾ ಹೊಗೆ ಕಂಡರೆ ಎತ್ತಿಕೊಂಡು ಓಡಲು ಹೋಗಬೇಡಿ. ಮನೆಯವರನ್ನೆಲ್ಲ ಹೊರಗೆ ಕಳುಹಿಸಿ, ಬಾಗಿಲು ಎಳೆದುಕೊಂಡು 101 ಅಥವಾ 112ಕ್ಕೆ ಕರೆ ಮಾಡಿ.

* ಹಳೇ ಬ್ಯಾಟರಿಯನ್ನು ಕಸದ ಡಬ್ಬಿಗೋ ಗುಜರಿಗೋ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿ ಮುಗಿದ ಬ್ಯಾಟರಿಗಳ ಸಂಗ್ರಹ, ಮರುಬಳಕೆಯ ಹೊಣೆ ಉತ್ಪಾದಕರದ್ದು. ಕೊಂಡ ಅಂಗಡಿಯಲ್ಲೇ ವಾಪಸ್ ಕೊಡುವ ಬಗ್ಗೆ ಕೇಳಿ.

ಹೌಸಿಂಗ್ ಸೊಸೈಟಿಗಳು ಮಾಡಬಹುದಾದ ಕೆಲಸವೂ ಒಂದಿದೆ. ಮುಂದಿನ ಸಭೆಯಲ್ಲಿ ನೆಲಮಹಡಿಯ ತೆರೆದ ಜಾಗದಲ್ಲಿ, ಮೆಟ್ಟಿಲಿನಿಂದ ದೂರದಲ್ಲಿ, ಸರಿಯಾದ ಅರ್ಥಿಂಗ್ ಮತ್ತು ಎಂಸಿಬಿ ಇರುವ ಚಾರ್ಜಿಂಗ್ ಪಾಯಿಂಟ್ ಹಾಕಿಸುವ ನಿರ್ಧಾರ ಮಾಡಿದರೆ, ಬ್ಯಾಟರಿ ಹೊತ್ತುಕೊಂಡು ಮೂರನೇ ಮಹಡಿಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಅದಕ್ಕೆ ಹೊಸ ಎಲೆಕ್ಟ್ರೋಲೈಟ್ ಬರುವವರೆಗೆ ಕಾಯಬೇಕಿಲ್ಲ.